ಇಪ್ಪತ್ತೊಂಬತ್ತರ ಮೇಲೆ

ಆ ಶುಕ್ರವಾರ ಸೋಲುವುದಕ್ಕೆಂದೇ ಹೊರಟ ಸಂಜೀವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಕನ್ನಡಿಯ ಮುಂದೆ ಕಾಲರನ್ನು ಸರಿಪಡಿಸಿಕೊಳ್ಳುವಾಗ, ಸೋಲುವವನಿಗೆ ಇಸ್ತ್ರಿ ಯಾಕೆ ಎಂದು ತನ್ನನ್ನೇ ಕೇಳಿಕೊಂಡು, ಕೇಳಿಕೊಂಡದ್ದಕ್ಕೆ ಅಸಹ್ಯಪಟ್ಟು, ಅಂಗಿ ಬಿಚ್ಚದೆ ಹಾಗೇ ನಿಂತ. ಕಿಟಕಿಯ ಆಚೆ ಕೊಲ್ಲಿ ದೇಶದ ಎಣ್ಣೆಯೂರು ದುಖಾನಿನ ಬ್ಯಾಚಲರ್ ಬ್ಲಾಕುಗಳ ಮೇಲೆ ಜೂನ್ ತಿಂಗಳ ಬಿಳಿ ಬಿಸಿಲು ಬೆಳಿಗ್ಗೆಯೇ ಬಿದ್ದಿತ್ತು. ದೂರದಲ್ಲಿ ಗ್ಯಾಸ್ ಉರಿಯುವ ಕೊಳವೆಯ ಜ್ವಾಲೆ ಆ ಬಿಸಿಲಿಗೆ ಕಾಣದೆ ಅದರ ಮೇಲಿನ ಗಾಳಿ ಮಾತ್ರ ನಡುಗುತ್ತಿತ್ತು. ಬೆಂಕಿಯನ್ನು ನೋಡದೆಯೇ ಬೆಂಕಿ ಇದೆ ಎಂದು ತಿಳಿಯುವುದು ಅವನ ಕೆಲಸಕ್ಕೆ ಹತ್ತಿರದ್ದು. ಅವನು ಎಣ್ಣೆ ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್. ಬಾವಿಗಳಿಂದ ಬಾಟಲಿಗಳಲ್ಲಿ ಬರುವ ಕಪ್ಪು ದ್ರವದಲ್ಲಿ ಕಣ್ಣಿಗೆ ಕಾಣದ ಗಂಧಕ ಎಷ್ಟಿದೆ, ನೀರು ಎಷ್ಟಿದೆ ಎಂದು ಹೇಳಿ ಕೆಳಗೆ ಸಹಿ ಹಾಕುವವನು. ಈ ಆರು ವರ್ಷದಲ್ಲಿ ಒಂದು ಅಂಕಿಯನ್ನೂ ತನ್ನ ಅನುಕೂಲಕ್ಕೆ ತಿದ್ದಿದವನಲ್ಲ. ಈಗ ಜುಲೈ ತಿಂಗಳ ರಜೆಯನ್ನು ಸೋಲಬೇಕಾಗಿತ್ತು. ಸೋತರೆ ಊರಲ್ಲಿರುವ ಹೆಂಡತಿ ಚಂದ್ರಿಕಾಗೆ ‘ಈ ಸಲ ಬರಲಿಕ್ಕೆ ಆಗೂದಿಲ್ಲ’ ಎನ್ನಬಹುದು, ಮತ್ತು ಅದು ಸುಳ್ಳಾಗುವುದಿಲ್ಲ.

ಲ್ಯಾಬಿನಿಂದ ಒಂದು ಹೊತ್ತಿಗೆ ಒಬ್ಬನೇ ರಜೆಗೆ ಹೋಗಬೇಕು. ಯಾರು ಯಾವ ತಿಂಗಳು ಹೋಗುತ್ತಾರೆ ಎಂಬುದು ಮೇಲಿನ ಸಾಹೇಬನಿಗೆ ಮುಖ್ಯವಲ್ಲ, ಕೆಲಸ ನಿಲ್ಲಬಾರದು ಅಷ್ಟೆ. ಹಾಗಾಗಿ ಸರದಿಯನ್ನು ತಮ್ಮತಮ್ಮಲ್ಲೇ ಬದಲಿಸಿಕೊಳ್ಳುವ ರೂಢಿ ಬಂದಿತ್ತು. ರೂಢಿಗೆ ಆಟವನ್ನು ಜೋಡಿಸಿದವನು ಮಂಗಳೂರಿನ ಇಗ್ನೇಶಿಯಸ್, ಲ್ಯಾಬಿನ ಹಿರಿಯ ಟೆಕ್ನೀಶಿಯನ್. ಊರಿಗೆ ಮರಳುತ್ತಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರ್ ಮನೆಯ ಸಾಮಾನು ಮಾರುವಾಗ ಇವನು ಇಸ್ತ್ರಿ ಹಲಗೆಯ ಜೊತೆ ಒಂದು ರೂಲೆಟ್ ಚಕ್ರವನ್ನೂ ಹಸಿರು ಹಾಸನ್ನೂ ತಂದಿದ್ದ. ದುಡ್ಡಿಟ್ಟು ಆಡಿ ಸಿಕ್ಕಿಬಿದ್ದರೆ ಮೊದಲು ಪೊಲೀಸ್ ಸ್ಟೇಷನ್, ಆಮೇಲೆ ಊರಿಗೆ ವಾಪಸು ವಿಮಾನ. ಆದ್ದರಿಂದ ಇವರು ಪಾತ್ರೆ ತೊಳೆಯುವ ಸರದಿ ಇಟ್ಟು ಆಡುತ್ತಿದ್ದರು, ರಾತ್ರಿಪಾಳಿ ಇಟ್ಟು ಆಡುತ್ತಿದ್ದರು, ವರ್ಷಕ್ಕೊಮ್ಮೆ ರಜೆ ಇಟ್ಟು ಆಡುತ್ತಿದ್ದರು. ಸಂಜೀವ ಯಾವತ್ತೂ ಆಡಿರಲಿಲ್ಲ. ಶುಕ್ರವಾರದ ಊಟಕ್ಕೆ ಮಾತ್ರ ಹೋಗಿ, ತಟ್ಟೆ ತೊಳೆದಿಟ್ಟು ಬರುತ್ತಿದ್ದ. ಈ ವಾರ ಲ್ಯಾಬಿನ ಸಿಂಕಿನ ಮುಂದೆ ನಿಂತು, ‘ನನಗೂ ಕಲಿಸ್ತೀರಾ?’ ಎಂದು ಕೇಳಿದಾಗ ಇಗ್ನೇಶಿಯಸ್ ಕೈಯಲ್ಲಿದ್ದ ಫ್ಲಾಸ್ಕನ್ನು ನಿಧಾನವಾಗಿ ಕೆಳಗಿಟ್ಟು, ‘ಮೈ ಹುಷಾರುಂಟಲ್ಲ ನಿಮ್ಗೆ?’ ಎಂದಿದ್ದ.

ಮೈ ಹುಷಾರಾಗಿಯೇ ಇತ್ತು. ಮಾರ್ಚಿನಲ್ಲಿ ಬಡ್ತಿ ಬಂದು, ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕು, ಇಪ್ಪತ್ತೊಂಬತ್ತು ಎಂದು ಕೊರೆದ ಹಿತ್ತಾಳೆ ಬಿಲ್ಲೆಯ ಬೀಗದಕೈ ಅವನ ಮೇಜಿನ ಡ್ರಾಯರಿನಲ್ಲಿ ಸಾಕ್ಸುಗಳ ಕೆಳಗೆ ಮಲಗಿತ್ತು. ಎರಡು ಕೋಣೆ, ಒಂದು ಅಡಿಗೆಮನೆ, ಮುಂದೆ ಯಾರೋ ನೆಟ್ಟುಹೋದ ಬೇವಿನ ಗಿಡ. ಅದನ್ನು ನೋಡಲು ಕಂಪನಿಯ ಪಿಕಪ್ಪಿನಲ್ಲಿ ಕರೆದುಕೊಂಡು ಹೋದವನು ಹಸೈನಾರ್. ವಿಟ್ಲದ ಕಡೆಯವನು, ಬಾವಿಗಳಿಂದ ಸ್ಯಾಂಪಲ್ ತರುವವನು. ‘ಅಕ್ಕ ಬಂದರೆ ಇಲ್ಲಿ ಬಸಳೆ ಹಾಕಬಹುದು ಸರ್, ನೀರು ಚೆನ್ನಾಗುಂಟು’ ಎಂದು ನಲ್ಲಿ ತಿರುಗಿಸಿ ತೋರಿಸಿದ್ದ. ಅವತ್ತೇ ಗದಗಿಗೆ ಫೋನ್ ಮಾಡಿದಾಗ ಚಂದ್ರಿಕಾ ಎಂದಿನಂತೆ, ‘ಫ್ಯಾಮಿಲಿ ಮನಿ ಕೊಡೂದಿಲ್ಲಂತೇನ್ರೀ ಇನ್ನೂ?’ ಎಂದಳು. ಬೂತಿನ ಹಿಂದೆ ಸಾಲು ಉದ್ದವಿತ್ತು, ಯಾರೋ ಗಾಜು ಬಡಿಯುತ್ತಿದ್ದರು, ವಿವರಿಸಲು ಹೊತ್ತಿರಲಿಲ್ಲ. ‘ಇನ್ನೂ ಇಲ್ಲ’ ಎಂದ. ಮುಂದಿನ ವಾರ ಹೊತ್ತಿತ್ತು, ಆದರೆ ಅಷ್ಟರಲ್ಲಿ ಆ ಎರಡು ಮಾತು ಅವನಿಗಿಂತ ಮೊದಲು ಗದಗಿಗೆ ಹೋಗಿ ನೆಲೆಯೂರಿದ್ದವು. ಈಗ ಊರಿಗೆ ಹೋದರೆ ಅವಳ ಎದುರು ನಿಂತು ಒಂದೋ ಹೇಳಬೇಕು, ಇಲ್ಲ ತಿಂಗಳಿಡೀ ಮುಚ್ಚಿಡಬೇಕು.

ಯಾಕೆ ಮುಚ್ಚಿಟ್ಟೆ ಎಂದು ಯಾರಾದರೂ ಕೇಳಿದರೆ ಅವನ ಬಳಿ ಇದ್ದದ್ದು ಒಂದು ನಗು ಮಾತ್ರ. ಮದುವೆಯಾದ ಹೊಸದರಲ್ಲಿ ಅವಳು ಅಡಿಗೆಮನೆಯಲ್ಲಿ ತಂಗಿಗೆ ಹೇಳುತ್ತಿದ್ದಳು: ‘ಇವರು ಚಪ್ಪಲಿ ಬಿಟ್ಟರ ನೋಡ ನೀ, ಸ್ಕೇಲ್ ಹಿಡದ ಬಿಟ್ಟಂಗಿರತಾವು.’ ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ, ಅವನೂ ಹೊರಗೆ ಕೂತು ನಗಬಹುದಾಗಿದ್ದ ನಗು. ಆದರೆ ಅವನು ಎದ್ದು ಹೋಗಿ ಬಾಗಿಲ ಬಳಿಯ ಚಪ್ಪಲಿಗಳನ್ನು ಕಾಲಿನಿಂದ ಸೊಟ್ಟ ಮಾಡಿ ಬಂದು ಕೂತ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಮತ್ತೆ ನೆಟ್ಟಗೆ ಮಾಡಿದ. ಎರಡನೆಯ ಸಲ ಅವಳು ನೋಡಿದಳು. ರಾತ್ರಿ, ‘ನೀವು ಯಾವತ್ತರೆ ತಪ್ಪು ಮಾಡೀರೇನು?’ ಎಂದು ಕೇಳಿದಳು. ಅದು ಅಣಕವೋ, ಅಕ್ಕರೆಯೋ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೋ ಅವನಿಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ. ಇಲ್ಲಿ ಅವನ ಕೋಣೆಯಲ್ಲಿ ಅವನ ಚಪ್ಪಲಿಯನ್ನು ಯಾರೂ ನೋಡುವುದಿಲ್ಲ.

ಇಗ್ನೇಶಿಯಸ್‌ನ ಕೋಣೆಯಲ್ಲಿ ಮೀನು ಹುರಿಯುವ ವಾಸನೆ ಇತ್ತು. ಹಸೈನಾರ್ ಜುಮ್ಮಾ ನಮಾಜು ಮುಗಿಸಿ ಬಂದು, ಟೊಪ್ಪಿ ತೆಗೆಯದೆ, ಅಡಿಗೆಯ ಮೂಲೆಯಲ್ಲಿ ನೆಲದ ಮೇಲೆ ಕೂತು ಈರುಳ್ಳಿ ಕೊಯ್ಯುತ್ತಿದ್ದ. ಅವನು ಆಟಕ್ಕೆ ಕೂರುವವನಲ್ಲ, ಚಕ್ರದ ಕಡೆ ಬೆನ್ನು ಹಾಕಿಯೇ ಕೂರುವವನು. ಬಾಗಲಕೋಟೆಯ ಪಂಚಪ್ಪ, ಲ್ಯಾಬಿನ ಸ್ಟೋರ್ ನೋಡಿಕೊಳ್ಳುವವನು, ಸಂಜೀವನನ್ನು ಕಂಡು ಎದ್ದು ನಿಂತು ಕೈಮುಗಿದ.

‘ಬರ್ರಿ ಎಂಎಸ್ಸಿ ಸಾಹೇಬ್ರ, ಬರ್ರಿ! ಇಗ್ನೇಶಿಯಸ್ಸಾ, ಇವತ್ತ ನಿನ್ನ ಚಕ್ರಕ್ಕ ಕುಂಕುಮ ಹಚ್ಚೋ. ಗಟ್ಟಿ ಕುಳ ಬಂದದ.’

‘ಸುಮ್ಮನಿರು ಮಾರಾಯ, ಹೊಸಬರನ್ನು ಹೆದರಿಸ್ಬೇಡ’ ಎಂದ ಇಗ್ನೇಶಿಯಸ್. ‘ಕೂತ್ಕೊಳ್ಳಿ ಸರ್. ಇದು ನೀವು ಮಾಡುವ ಟೆಸ್ಟಿನಷ್ಟು ಕಷ್ಟ ಇಲ್ಲ. ಇಲ್ಲಿ ಏನೂ ಗೊತ್ತಿಲ್ಲದವನೇ ಚೆನ್ನಾಗಿ ಆಡುವುದು.’

ಅವನು ಕಲಿಸಿದ. ಹಾಸಿನ ಮೇಲೆ ಒಂದರಿಂದ ಮೂವತ್ತಾರರವರೆಗೆ ಅಂಕಿಗಳು, ಅರ್ಧ ಕೆಂಪು, ಅರ್ಧ ಕಪ್ಪು, ಒಂದೇ ಒಂದು ಹಸಿರು ಸೊನ್ನೆ. ಪಣದ ಬಿಲ್ಲೆಯನ್ನು ಅಂಕಿಯ ನಟ್ಟನಡುವೆ ಇಟ್ಟರೆ ಆ ಒಂದೇ ಅಂಕಿಗೆ. ಎರಡು ಅಂಕಿಗಳ ನಡುವಿನ ಗೆರೆಯ ಮೇಲೆ ಇಟ್ಟರೆ ಎರಡಕ್ಕೂ. ನಾಲ್ಕು ಸೇರುವ ಮೂಲೆಗೆ ಇಟ್ಟರೆ ನಾಲ್ಕಕ್ಕೂ. ಹೊರಗಿನ ಚೌಕದಲ್ಲಿಟ್ಟರೆ ಕೆಂಪು ಇಲ್ಲವೇ ಕಪ್ಪು, ಬೆಸ ಇಲ್ಲವೇ ಸಮ. ಹೆಚ್ಚು ಆಸೆಗೆ ಹೆಚ್ಚು ಸಿಗುತ್ತದೆ, ಕಡಿಮೆ ಸಲ. ಚಕ್ರ ಒಂದು ಕಡೆ ತಿರುಗುವಾಗ ಗೋಲಿಯನ್ನು ಇನ್ನೊಂದು ಕಡೆಗೆ ಬಿಡುವುದು. ‘ನಾನು “ಖಲಾಸ್” ಅಂದಮೇಲೆ ಯಾರೂ ಬಿಲ್ಲೆ ಮುಟ್ಟುವ ಹಾಗಿಲ್ಲ. ತಪ್ಪಾಯ್ತು, ತೆಗೀತೇನೆ, ಅಂತೆಲ್ಲ ಇಲ್ಲ.’ ಮೂವರಿಗೂ ಸಮ ಬಿಲ್ಲೆ. ಮೊದಲು ಬರಿದಾದವನು ತನ್ನ ರಜೆಯ ತಿಂಗಳನ್ನು ಹೆಚ್ಚು ಬಿಲ್ಲೆ ಇರುವವನಿಗೆ ಕೊಟ್ಟು ಅವನದನ್ನು ತೆಗೆದುಕೊಳ್ಳಬೇಕು. ಸಂಜೀವನದು ಜುಲೈ, ಪಂಚಪ್ಪನದು ಆಗಸ್ಟ್, ಇಗ್ನೇಶಿಯಸ್‌ನದು ಕ್ರಿಸ್ಮಸ್ಸಿನ ಡಿಸೆಂಬರ್.

ಕೇಳುತ್ತಲೇ ಸಂಜೀವ ಚಕ್ರವನ್ನು ನೋಡುತ್ತಿದ್ದ. ಅದು ಕೂತದ್ದು ಸರಿಯಿರಲಿಲ್ಲ. ಮೇಜಿನ ಒಂದು ಕಾಲು ಗಿಡ್ಡ, ಗೋಲಿ ಕಿಟಕಿಯ ಕಡೆಗೇ ಹೆಚ್ಚು ಬೀಳುವುದು ಖಂಡಿತ. ಲ್ಯಾಬಿನಲ್ಲಿ ತಕ್ಕಡಿಯ ಕೆಳಗಿನ, ಮಟ್ಟ ತೋರಿಸುವ ಗುಳ್ಳೆ ನಡುವೆ ಬರುವವರೆಗೆ ಅವನು ಏನನ್ನೂ ತೂಗುವವನಲ್ಲ. ಸೋಲು ಬೇಕಾದದ್ದು ನಿಜ, ಆದರೆ ಅದು ಮೇಜಿನ ಕಾಲಿನಿಂದ ಬಂದದ್ದಾಗಬಾರದು. ಅವನು ಪಂಚಪ್ಪನ ಖಾಲಿ ಸಿಗರೇಟ್ ಪ್ಯಾಕನ್ನು ಹರಿದು, ಮಡಚಿ, ನೆಲಕ್ಕೆ ಮೊಣಕಾಲೂರಿ ಮೇಜಿನ ಕಾಲಿನ ಕೆಳಗಿಟ್ಟ. ಎದ್ದು ಗೋಲಿಯನ್ನು ಮೇಜಿನ ಮೇಲೆ ಬಿಟ್ಟು ಅದು ಉರುಳದೆ ನಿಂತದ್ದನ್ನು ನೋಡಿದ.

‘ನೋಡಪಾ, ಜೂಜಾಟಕ್ಕೂ ಮಟ್ಟ ನೋಡೋ ಮನಷ್ಯಾ!’ ಎಂದ ಪಂಚಪ್ಪ. ‘ವೈನಿಯಾರು ಹೆಂಗ ಬಾಳೇ ಮಾಡ್ತಾರೋ ನಿಮ್ಮ ಕೂಡ.’

ಎಲ್ಲರೂ ನಕ್ಕರು, ಅವನೂ ನಕ್ಕ. ನಗುವಾಗ ದವಡೆ ನೋಯಿತು.

ಹಸೈನಾರ್ ನಗಲಿಲ್ಲ. ಅವನ ಬೆನ್ನು ಈರುಳ್ಳಿಯ ಮೇಲೆ ಬಾಗಿತ್ತು. ಹತ್ತು ದಿನದ ಕೆಳಗೆ ಬಾವಿಗಳ ಕಡೆಯಿಂದ ವಾಪಸು ಬರುವಾಗ, ಮರಳು ರಸ್ತೆಗೆ ಬಂದು ಗಾಡಿ ನಿಧಾನ ಮಾಡಬೇಕಾದಲ್ಲಿ, ಅವನು ಮುಂದೆ ನೋಡುತ್ತಲೇ ಕೇಳಿದ್ದ: ‘ಸರ್, ಮಗಳ ನಿಕಾಹ್ ಜುಲೈಯಲ್ಲಿ ಇಟ್ಟಿದ್ದಾರೆ. ನುಸೈಬಾಳದ್ದು. ಹುಡುಗ ಆಮೇಲೆ ಸೌದಿಗೆ ಹೋಗ್ತಾನೆ, ಮುಂದೆ ಹಾಕ್ಲಿಕ್ಕೆ ಆಗುವುದಿಲ್ಲ. ನನ್ನ ಫೆಬ್ರವರಿ ನೀವು ತೆಗೊಂಡು ಜುಲೈ ನನಗೆ ಕೊಡ್ತೀರಾ?’ ಕೊಡಬಹುದಾಗಿತ್ತು. ತಾನು ಬಿಸಾಡಲು ಜಾಗ ಹುಡುಕುತ್ತಿದ್ದುದನ್ನು ಒಬ್ಬ ಕೈಯೊಡ್ಡಿ ಕೇಳುತ್ತಿದ್ದ. ಆದರೆ ಕೊಟ್ಟರೆ ಅದು ತಾನೇ ಕೊಟ್ಟದ್ದಾಗುತ್ತದೆ. ಹೆಂಡತಿಯನ್ನು ಬಿಟ್ಟಿರಲು ತಾನೇ ಒಪ್ಪಿದ್ದಾಗುತ್ತದೆ. ಮೇಲಾಗಿ, ಹೆಂಡತಿಯನ್ನು ಕಾಣಲು ತವಕಿಸುವ ಗಂಡನೆಂದು ಹಸೈನಾರ್ ತನ್ನನ್ನು ತಿಳಿದುಕೊಂಡಿದ್ದ. ಆ ತಿಳಿವಳಿಕೆ ಸಂಜೀವನಿಗೆ ಇಸ್ತ್ರಿ ಮಾಡಿದ ಅಂಗಿಯಂತೆ ಹಿತವಾಗಿತ್ತು. ‘ಹೆಂಗ ಹಸೈನಾರ್, ಮನೀಯಾಗ ದಾರಿ ಕಾಯಾಕತ್ತಾರ’ ಎಂದುಬಿಟ್ಟ. ‘ಹೌದೌದು ಸರ್, ಅಕ್ಕ ಕಾಯುವುದಿಲ್ಲವಾ’ ಎಂದು ಹಸೈನಾರ್ ತಾನೇ ತಪ್ಪು ಮಾಡಿದವನಂತೆ ಗೇರು ಬದಲಿಸಿದ್ದ. ಆಮೇಲೆ ಮತ್ತೆ ಆ ಮಾತು ಎತ್ತಿರಲಿಲ್ಲ.

ಆಟ ಶುರುವಾಯಿತು. ಸೋಲುವುದು ಸುಲಭವೆಂದು ಸಂಜೀವ ಲೆಕ್ಕ ಹಾಕಿದ್ದ: ಎಲ್ಲವನ್ನೂ ಒಂದು ಅಂಕಿಯ ಮೇಲಿಟ್ಟರೆ ಮುಗಿಯಿತು. ಆದರೆ ಮೊದಲ ಸುತ್ತಿಗೇ ಹಾಗೆ ಮಾಡಿದರೆ ಬೇಕೆಂದು ಸೋತವನಂತೆ ಕಾಣುತ್ತದೆ. ಮಾನದಿಂದ, ಸ್ವಲ್ಪ ಹೆಣಗಿ ಸೋಲಬೇಕು. ಕೆಂಪಿನ ಮೇಲೆ ಇಟ್ಟ, ಕೆಂಪು ಬಂತು. ತೆಗೆಯದೆ ಬಿಟ್ಟ, ಮತ್ತೆ ಕೆಂಪು. ಕಪ್ಪಿಗೆ ಬದಲಿಸಿದ, ಗೋಲಿ ಅವನ ಮಾತು ಕೇಳಿದಂತೆ ಕಪ್ಪಿಗೆ ಹೋಯಿತು. ಎದುರಿಗೆ ಬಿಲ್ಲೆಗಳ ಕಂಬ ಬೆಳೆಯುತ್ತಿತ್ತು, ಅವನ ಬೆರಳುಗಳು ಕೇಳದೆಯೇ ಅವುಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸುತ್ತಿದ್ದವು. ಪಂಚಪ್ಪ ತೊಡೆ ತಟ್ಟಿಕೊಂಡ. ‘ಮದಲ್ನೇ ಸಲ ಬಂದವ್ರಿಗೆ ಇದು ಹಿಂಗ ಆಕೈತ್ರೀ. ನನ್ನ ಆಗಸ್ಟೂ ಹೊಡಕೊಂಡ ಹೋಗ್ತೀರಿ ಅನ್ನಸ್ತದ. ಎರಡ ತಿಂಗಳ ವೈನಿಯಾರ ಕೈಯಾಗಿನ ರೊಟ್ಟಿ!’ ಸಂಜೀವನ ಬೆನ್ನಿನ ಮೇಲೆ ಇಸ್ತ್ರಿಯ ಗೆರೆ ಒದ್ದೆಯಾಗಿ ಅಂಟಿಕೊಂಡಿತು. ಗೆಲ್ಲುವುದು ಇಷ್ಟು ಅವಮಾನದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಗದಗಿನ ಮನೆಯ ಬಾಗಿಲು, ಅವಳ ನೆಟ್ಟ ನೋಟ, ಕೇಳದೆ ಉಳಿದ ಪ್ರಶ್ನೆ ಎಲ್ಲ ಒಂದೊಂದು ಬಿಲ್ಲೆಯಾಗಿ ತನ್ನ ಕಡೆಗೆ ಸರಿದು ಬರುತ್ತಿದ್ದವು. ಅವನು ಎರಡೂ ಕೈಯಿಂದ ಇಡೀ ಕಂಬಗಳನ್ನು ತಳ್ಳಿ ಇಪ್ಪತ್ತೊಂಬತ್ತರ ಮೇಲೆ ಇಟ್ಟ.

‘ಎಲ್ಲಾನೂ?’ ಎಂದ ಇಗ್ನೇಶಿಯಸ್.

‘ಎಲ್ಲಾನೂ.’

‘ಇಪ್ಪತ್ತೊಂಬತ್ತು ಯಾಕ್ರೀ?’ ಎಂದ ಪಂಚಪ್ಪ.

‘ಸುಮ್ಮನ’ ಎಂದ. ಸುಮ್ಮನೆಯೇ. ಬೇರೆ ಯಾವ ಅಂಕಿಯೂ ಆ ಹೊತ್ತಿಗೆ ಹೊಳೆಯಲಿಲ್ಲ. ಅಡಿಗೆಯ ಮೂಲೆಯಲ್ಲಿ ಚಾಕುವಿನ ಸದ್ದು ನಿಂತಿತು. ಹಸೈನಾರ್ ಮೊದಲ ಸಲ ತಿರುಗಿ ಚಕ್ರದ ಕಡೆ ನೋಡಿದ.

‘ಖಲಾಸ್.’

ಗೋಲಿ ಅಂಚಿನಲ್ಲಿ ಓಡಿತು, ಅದರ ಸದ್ದು ತೆಳುವಾಯಿತು, ಕೆಳಗಿಳಿಯಿತು, ಒಂದು ಕುಳಿಯಿಂದ ಇನ್ನೊಂದಕ್ಕೆ ತಟಪಟ ಹಾರಿ ಇಪ್ಪತ್ತೊಂಬತ್ತರಲ್ಲಿ ಕೂತಿತು. ಕೂತಿತು ಎಂದೇ ಎಲ್ಲರೂ ಅಂದುಕೊಂಡರು. ಆ ಕ್ಷಣ ಸಂಜೀವನ ಎದೆಯೊಳಗೆ ಅವನು ಎಂದೂ ಅಳೆಯದಿದ್ದ ಯಾವುದೋ ಒಂದು ಎದ್ದು ನಿಂತಿತು. ಅವನ ಕಣ್ಣೆದುರು ಬೇವಿನ ಗಿಡದ ಮುಂದಿನ ಬಾಗಿಲು ತೆರೆದಿತ್ತು. ಒಳಗೆ ನಲ್ಲಿಯ ನೀರು ಸುರಿಯುತ್ತಿತ್ತು. ಹೊಸಿಲ ಬಳಿ ಎರಡು ಜೊತೆ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು, ಯಾರೂ ಅವುಗಳನ್ನು ಸರಿಮಾಡುತ್ತಿರಲಿಲ್ಲ. ಇರಲಿ, ಅಲ್ಲೇ ಇರಲಿ ಎಂದು ಅವನ ಬಾಯಿ ತಾನಾಗಿ ಅಂದಿತು. ಗೋಲಿ ಕುಳಿಯ ಅಂಚಿಗೆ ತಾಗಿ, ಒಂದು ಬೆರಳೆತ್ತರ ಹಾರಿ, ಪಕ್ಕದ ಏಳರಲ್ಲಿ ಬಿದ್ದು ಸುಮ್ಮನಾಯಿತು.

‘ಛೇ ಛೇ ಛೇ!’ ಪಂಚಪ್ಪ ನಿಜವಾಗಿಯೂ ಕೈ ಕೊಡವಿದ. ‘ಒಂದ ಕೂದಲೆಳಿ ತಪ್ಪಿತಲ್ರೀ!’

ಸಂಜೀವ ಮೇಜಿನ ಕಾಲಿನ ಕೆಳಗಿನ ರಟ್ಟನ್ನು ನೋಡಿದ. ಅದನ್ನು ಇಡದಿದ್ದರೆ? ಗೋಲಿ ಹಾರಿದ್ದು ಇಟ್ಟದ್ದರಿಂದಲೋ, ಇಟ್ಟರೂ ಹಾರಿತೋ? ಅದನ್ನು ತಿಳಿಯಲು ಯಾವ ಪ್ರಯೋಗವೂ ಇಲ್ಲ. ಬೇಕಾದದ್ದು ಆಗಿತ್ತು. ಅವನು ಸೋತಿದ್ದ, ಸಮತಟ್ಟಾದ ಮೇಜಿನ ಮೇಲೆ, ಯಾರ ತಪ್ಪೂ ಇಲ್ಲದೆ ಸೋತಿದ್ದ. ಬಾಯಿಯಲ್ಲಿ ಮಾತ್ರ ಲೋಹ ನೆಕ್ಕಿದಂಥ ರುಚಿ.

ಹೆಚ್ಚು ಬಿಲ್ಲೆ ಇದ್ದದ್ದು ಇಗ್ನೇಶಿಯಸ್ ಬಳಿ. ಊಟಕ್ಕೆ ಕೂತು, ಮೀನಿನ ಮುಳ್ಳು ಬಿಡಿಸುತ್ತ, ಉಪ್ಪು ಕೇಳಿದಷ್ಟು ಸಲೀಸಾಗಿ ಅವನೆಂದ: ‘ಹಸೈನಾರ್, ಈ ಜುಲೈ ನೀನು ಇಟ್ಕೊ. ಮಗಳ ನಿಕಾಹ್ ಅಲ್ವಾ? ನನಗೆ ಕ್ರಿಸ್ಮಸ್ಸಿಗೆ ಹೋದರೆ ಸಾಕು. ನಿನ್ನ ಫೆಬ್ರವರಿ ಸಂಜೀವ ಸರ್‌ಗೆ ಹೋಗಲಿ.’

ಇಷ್ಟೇ. ಸಂಜೀವ ಅನ್ನ ಕಲಸುವುದನ್ನು ನಿಲ್ಲಿಸಿದ. ಹತ್ತು ದಿನ ತಾನು ಹೊತ್ತು ತಿರುಗಿದ್ದನ್ನು ಇವನು ಎಡಗೈಯಲ್ಲಿ ಎತ್ತಿ ಕೊಟ್ಟಿದ್ದ.

ಹಸೈನಾರ್ ಕತ್ತೆತ್ತಲಿಲ್ಲ. ‘ಬೇಡ ಇಗ್ನೇಶಿಯಸಣ್ಣ. ಆಟದಲ್ಲಿ ಗೆದ್ದದ್ದು ನನಗೆ ಹರಾಂ. ಅದನ್ನು ಹಿಡ್ಕೊಂಡು ಮಗಳ ನಿಕಾಹಿಗೆ ಹೇಗೆ ಹೋಗುವುದು?’

‘ಅಯ್ಯೋ ಇವನ! ರಜೆಗೆಂಥ ಹರಾಂ ಮಾರಾಯ?’

‘ನಿಮಗಿಲ್ಲ. ನನಗುಂಟು.’

ಇಗ್ನೇಶಿಯಸ್ ಕೈ ನೆಕ್ಕಿ ಯೋಚಿಸಿ, ‘ಸರಿ, ಹಾಗಾದರೆ ಆಟ ಆಡಲೇ ಇಲ್ಲ’ ಎಂದ. ‘ಮಾಫಿ ಆಟ. ಜುಲೈ ಸಂಜೀವ ಸರ್‌ದ್ದೇ. ಅವರು ತಮ್ಮ ಬಾಯಿಂದ ಕೊಟ್ಟರೆ ಆಯ್ತಲ್ಲ ನಿನಗೆ? ಅದು ಹರಾಂ ಅಲ್ಲವಲ್ಲ?’

‘ಅವರು ಮನಸ್ಸಿಂದ ಕೊಟ್ಟರೆ ತೊಂದರೆ ಇಲ್ಲ’ ಎಂದ ಹಸೈನಾರ್. ‘ಆದರೆ ಅವರಿಗೆ ಆಗುವುದಿಲ್ಲ. ನಾನು ಕೇಳಿ ಆಗಿದೆ.’

ಮೂವರೂ ಸಂಜೀವನ ಕಡೆ ನೋಡಿದರು. ಸೋತದ್ದು ಮತ್ತೆ ಅವನ ತಟ್ಟೆಗೇ ಬಂದು ಬಿದ್ದಿತ್ತು. ಅವನು ಯಾವ ಮಾತನ್ನು ತಪ್ಪಿಸಿಕೊಳ್ಳಲು ಚಕ್ರದ ಮುಂದೆ ಕೂತಿದ್ದನೋ ಆ ಮಾತನ್ನು ಈಗ ಬಾಯಿಬಿಟ್ಟು, ಮೂವರು ಸಾಕ್ಷಿಗಳ ಮುಂದೆ, ಮನಸ್ಸಿನಿಂದ ಎಂದು ಹೇಳಬೇಕಾಗಿತ್ತು. ಕೊಡುವುದಿಲ್ಲ ಎಂದೂ ಅನ್ನಬಹುದಿತ್ತು. ಎದೆಯೊಳಗೆ ಆ ಗೋಲಿ ಇನ್ನೂ ಇಪ್ಪತ್ತೊಂಬತ್ತರಲ್ಲಿ ಕೂತಿತ್ತು. ಅದಕ್ಕೆ ಒಂದೇ ಒಂದು ಮಾತು ಸಾಕಾಗಿತ್ತು. ಆದರೆ ಮೂರು ಮುಖಗಳು, ಅವುಗಳಲ್ಲಿ ಆಗಲೇ ತನ್ನ ಬಗ್ಗೆ ತಯಾರಾಗಿದ್ದ ಒಳ್ಳೆಯ ಅಭಿಪ್ರಾಯ.

‘ತಗೋ ಹಸೈನಾರ್’ ಎಂದ. ‘ಮನಸ್ಸಿಂದ ಕೊಡ್ತೀನಿ.’

ಪಂಚಪ್ಪ ಬೆನ್ನು ತಟ್ಟಿ, ‘ದೊಡ್ಡ ಮನಸ್ರೀ ನಿಮ್ದು’ ಎಂದ. ಹಸೈನಾರ್ ಎದ್ದು ಹೋಗಿ ಕೈ ತೊಳೆದು ಬಂದು, ಒದ್ದೆ ಕೈಗಳಿಂದಲೇ ಅವನ ಕೈ ಹಿಡಿದುಕೊಂಡ. ಅವನ ಕಣ್ಣು ಈರುಳ್ಳಿಗೆ ಕೆಂಪಾದದ್ದಿರಬಹುದು. ಇತರರು ಟೀವಿಯ ಕಡೆ ತಿರುಗಿದ ಮೇಲೆ ಅವನು ಬಾಗಿಲವರೆಗೆ ಬಂದು ದನಿ ತಗ್ಗಿಸಿದ.

‘ಸರ್, ಇಪ್ಪತ್ತೊಂಬತ್ತಕ್ಕೆ ಇಟ್ಟಿರಲ್ಲ, ನನಗೆ ಆಗಲೇ ಗೊತ್ತಾಯಿತು. ಕ್ವಾರ್ಟರ್ಸ್ ಸಿಕ್ಕಿದ್ದು ಅಕ್ಕನಿಗೆ ಇನ್ನೂ ಹೇಳಿಲ್ಲ ಅಲ್ವಾ? ಬೂತಿನ ಸಾಲಲ್ಲಿ ನಿಮ್ಮ ಹಿಂದೆ ನಿಲ್ಲುವ ಪಂಚಪ್ಪಣ್ಣ ಹೇಳ್ತಿದ್ದರು, ನೀವು ಫೋನಲ್ಲಿ ಒಂದು ದಿನವೂ ಆ ಸುದ್ದಿ ಎತ್ತುವುದಿಲ್ಲ ಅಂತ. ಎದುರಿಗೆ ನಿಂತು ಹೇಳಬೇಕು, ಅವರ ಮುಖ ನೋಡಬೇಕು ಅಂತ ಇಟ್ಟುಕೊಂಡಿದ್ದಿರಿ.’ ಅವನು ತಲೆಯಾಡಿಸಿದ. ‘ಅದನ್ನೂ ನನ್ನ ಮಗಳಿಗೋಸ್ಕರ ಬಿಟ್ಟಿರಿ. ನಾನು ಸುಮ್ಮನೆ ಬಿಡುವುದಿಲ್ಲ ಸರ್. ನಿಕಾಹ್ ಮುಗಿದ ಮೇಲೆ ಬಸ್ಸು ಹತ್ತಿ ಗದಗಿಗೆ ನಾನೇ ಹೋಗ್ತೇನೆ. ಅಕ್ಕನಿಗೆ ಬೇಜಾರಾಗದ ಹಾಗೆ ಎಲ್ಲ ಹೇಳ್ತೇನೆ. ಮಾರ್ಚಿನಿಂದ ಮನೆ ಕಾಯ್ತಾ ಉಂಟು, ಬೇವಿನ ಗಿಡ ಉಂಟು, ನೀರು ಚೆನ್ನಾಗುಂಟು, ಎಲ್ಲ.’

‘ಅಷ್ಟು ದೂರ ಯಾಕ ಹಸೈನಾರ್, ನಿಂಗ ತ್ರಾಸು.’

‘ಎಂಥ ತ್ರಾಸು! ನೀವು ವೀಸಾದ ಕಾಗದ ಹಾಕಿ ಇಡಿ ಸರ್, ಅಷ್ಟೇ.’

ಬೇಡ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕು. ಸಂಜೀವ ಚಪ್ಪಲಿ ಹಾಕಿಕೊಂಡ.

ಹಸೈನಾರ್ ಹೊರಡುವ ಹಿಂದಿನ ದಿನ, ರಜೆಗೆ ಹೋಗುವವನ ಕೈಯಲ್ಲಿ ಎಲ್ಲರೂ ಕಳಿಸುವಂತೆ, ಇವನೂ ಒಂದು ಪೊಟ್ಟಣ ಕಟ್ಟಿದ: ಹಾಲಿನ ಪುಡಿ, ಒಂದು ಅತ್ತರು, ಎರಡು ಸೋಪು. ಮೇಲೆ ವಿಳಾಸ ಬರೆಯುವಾಗ ಪೆನ್ನು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಮನೆಯ ನಂಬರು ಒಂದು ಅಂಕಿ ತಪ್ಪಿದರೆ, ಓಣಿಯ ಹೆಸರು ಒಂದು ಬದಲಾದರೆ, ಗದಗಿನಂಥ ಊರಲ್ಲಿ ಹೊಸಬನೊಬ್ಬ ಅಲೆದು ಸುಸ್ತಾಗಿ ಹಿಂದಿರುಗಬಹುದು. ಆದರೆ ಸಾವಿರಾರು ಬಾಟಲಿಗಳ ಮೇಲೆ ಬರೆದ ಕೈ ಅದು; ತಪ್ಪು ಬರೆಯಲು ಅದಕ್ಕೆ ಬರಲಿಲ್ಲ. ಮುತ್ತಿನಂಥ ಅಕ್ಷರಗಳಲ್ಲಿ, ಗುರುತಿಗೆ ಪಕ್ಕದ ಹಿಟ್ಟಿನ ಗಿರಣಿಯನ್ನೂ ಸೇರಿಸಿ, ಪೂರ್ತಿ ವಿಳಾಸ ಬರೆದ.

ಅದರ ಮುಂದಿನ ಶುಕ್ರವಾರ ಸಂಜೆ ಅವನು ಫೋನ್ ಬೂತಿನ ಸಾಲಿನಲ್ಲಿ ನಿಂತಿದ್ದ. ಹಸೈನಾರ್ ಗದಗಿಗೆ ಹೋಗಲು ಇನ್ನೂ ಹೊತ್ತಿತ್ತು. ಅದಕ್ಕೆ ಮುಂಚೆ ತಾನೇ ಹೇಳಿಬಿಟ್ಟರೆ, ತಡವಾಗಿಯಾದರೂ, ಅದು ತಾನು ಹೇಳಿದ್ದಾಗುತ್ತದೆ. ವಾಕ್ಯವನ್ನು ಕೋಣೆಯಲ್ಲೇ ತಯಾರು ಮಾಡಿಕೊಂಡಿದ್ದ: ‘ಮನಿ ಮಾರ್ಚಿನಾಗ ಸಿಕ್ಕದ. ನಾನು ಸುಳ್ಳು ಹೇಳೀನಿ. ನೀ ಬಾ.’ ಮೂರೇ ಮಾತು. ಗದಗಿನಲ್ಲಿ ಚಂದ್ರಿಕಾ ನೆರೆಮನೆಯ ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಾಳೆ, ಪ್ರತಿ ಶುಕ್ರವಾರದಂತೆ. ಆ ಮನೆಯವರು ಬೇಗ ಮಲಗುವವರು, ಹಿರಿಯರು ಕೆಮ್ಮಿ ದೀಪ ಆರಿಸಿದರೆ ಅವಳು ಎದ್ದು ಮನೆಗೆ ಹೋಗಬೇಕು. ಇಲ್ಲಿ ಹೊತ್ತು ಮುಳುಗುತ್ತಿತ್ತು. ಅಲ್ಲಿ ಆಗಲೇ ಕತ್ತಲಾಗಿ ಬಹಳ ಹೊತ್ತಾಗಿರುತ್ತದೆ. ಕೊಳವೆಯ ಜ್ವಾಲೆ ಈಗ ಸ್ಪಷ್ಟವಾಗಿ ಕಾಣಿಸತೊಡಗಿತ್ತು.

ಬೂತಿನ ಬಾಗಿಲು ತೆರೆಯಿತು. ಅವನ ಸರದಿ. ಒಳಗೆ ಬೇರೆಯವರ ಉಸಿರಿನ ಬಿಸಿ, ರಿಸೀವರಿನ ಮೇಲೆ ಬೆವರು. ಅವನು ಫೋನ್ ಕಾರ್ಡನ್ನು ಕೈಯಲ್ಲಿ ನೆಟ್ಟಗೆ ಹಿಡಿದು, ಹಿಂದೆ ತಿರುಗಿ ನೋಡಿದ. ಯಾರೋ ಪಠಾಣಿ ಡ್ರೈವರು ಕಾಲು ಬದಲಿಸುತ್ತ ನಿಂತಿದ್ದ.

‘ಆಪ್ ಕರ್ ಲೋ ಭಾಯ್’ ಎಂದು ಸಂಜೀವ ಪಕ್ಕಕ್ಕೆ ಸರಿದ. ‘ಮುಝೆ ಜಲ್ದಿ ನಹೀ.’

ಡ್ರೈವರು ಎದೆಯ ಮೇಲೆ ಕೈಯಿಟ್ಟು ಥ್ಯಾಂಕ್ಸ್ ಹೇಳಿ ಒಳಗೆ ಹೋದ. ಅವನು ಬಂದ ಮೇಲೆ ಇನ್ನೊಬ್ಬನಿಗೆ ದಾರಿ ಬಿಟ್ಟ. ಆ ಇನ್ನೊಬ್ಬನೂ ಥ್ಯಾಂಕ್ಸ್ ಹೇಳಿದ. ಸಾಲಿನ ನಡುವಿನಿಂದ ಪಂಚಪ್ಪನ ದನಿ ಬಂತು: ‘ಏನ್ರೀ ಸಂಜೀವಣ್ಣಾರ, ಮತ್ತ ದಾನ ಶುರು ಮಾಡೀರೇನು?’

ಸಾಲಿನಲ್ಲಿ ಒಂದಿಬ್ಬರು ನಕ್ಕರು. ಸಂಜೀವನೂ ನಕ್ಕ, ಗಡಿಯಾರ ನೋಡಿಕೊಂಡ. ಸಾಲಿನ ಪಕ್ಕದಲ್ಲಿ ನಡೆದು ಕೊನೆಗೆ ಹೋಗಿ, ಮುಂದಿನವನ ಹಿಮ್ಮಡಿಗೆ ಸಮನಾಗಿ ಕಾಲು ಜೋಡಿಸಿ ನಿಂತ. ಗದಗಿನ ಆ ನೆರೆಮನೆಯ ದೀಪ ಆರುವ ಹೊತ್ತಿಗೆ ಸರಿಯಾಗಿ ತನ್ನ ಸರದಿ ಬರುತ್ತದೆ ಎಂದು ಅವನು ಲೆಕ್ಕ ಹಾಕಿದ. ಆ ಲೆಕ್ಕ ತಪ್ಪುವಂಥದ್ದಾಗಿರಲಿಲ್ಲ.